ಚಿಕ್ಕಮ್ಮನ ಮೀಟರು, ನಮ್ಮ ಹೀಟರು

ನಮ್ಮ ಚಿಕ್ಕಮ್ಮನನ್ನು ಮನೆಗೆ ಕರೆಯುವ ಧೈರ್ಯ ನಿಮಗಿದೆಯೇ? ಮೊದಲೇ ಹೇಳಿಬಿಡುತ್ತೇನೆ, ಕಾಫಿ ಕುಡಿಯುವ ಮುಂಚೆ ಅವರು ನಿಮ್ಮ ಇಸ್ತ್ರಿಪೆಟ್ಟಿಯ ಜಾತಕ ನೋಡುತ್ತಾರೆ! ಅವರ ವ್ಯಾನಿಟಿ ಬ್ಯಾಗಿನಲ್ಲಿ ಕುಂಕುಮದ ಭರಣಿಯ ಪಕ್ಕ ಒಂದು ಮೀಟರ್ ಇರುತ್ತದೆ. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಅದಕ್ಕೆ ನಿಮ್ಮ ಸಾಮಾನು ಸಿಕ್ಕಿಸಿದರೆ ವೋಲ್ಟೇಜೂ ಕರೆಂಟೂ ಕಾಣುತ್ತವೆ. ಎರಡನ್ನೂ ಗುಣಿಸಿದರೆ ಪವರ್. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್. ಪವರನ್ನು ತಾನೇ ತೋರಿಸುವ ಗುಂಡಿಯೂ ಮೀಟರಿನಲ್ಲಿದೆ. "ಅದನ್ನ ಒತ್ತಿದ್ರೆ ನನಗೇನು ಕೆಲಸ?" ಎನ್ನುತ್ತಾರೆ.

ಅವರು ಓದಿದ್ದು ಚರಿತ್ರೆ! ಮಗಳ ಎಸ್ಸೆಸ್ಸೆಲ್ಸಿಗೆ ಪಾಠ ಹೇಳಿಕೊಡಲು ವಿಜ್ಞಾನದ ಪುಸ್ತಕ ಹಿಡಿದರು. ಮಗಳು ಪಾಸಾಗಿ, ಕೆಲಸ ಸೇರಿ, ಮದುವೆಯೂ ಆದಳು. ಚಿಕ್ಕಮ್ಮ ಮಾತ್ರ ಇನ್ನೂ ವಿದ್ಯುತ್ತಿನ ಪಾಠದಲ್ಲೇ ಇದ್ದಾರೆ.

ಒಮ್ಮೆ ನನ್ನ ತಮ್ಮನಿಗೆ ಹೆಣ್ಣು ನೋಡಿ ಬಂದರು. "ಹೇಗಿದ್ದಾಳೆ ಚಿಕ್ಕಮ್ಮಾ?" ಎಂದೆ.

"ಹುಡುಗಿ ಲಕ್ಷಣವಾಗಿದಾಳೆ ಕಣೇ. ಅವರ ಮನೆ ಕೆಟಲ್ಲೇ ಇನ್ನೂರು ವ್ಯಾಟ್ ಕಮ್ಮಿ!"

ಅಮ್ಮನಿಲ್ಲದ ನನ್ನ ಬಾಣಂತನಕ್ಕೆ ಬಂದವರೂ ಇವರೇ. ನಮ್ಮ ಮನೆ ಇಲವಾಲದ ಕಡೆಯ ಬಯಲಿನಲ್ಲಿ. ಪುಷ್ಯದ ಚಳಿ. ದಿನ ತುಂಬುವ ಮೊದಲೇ ಹುಟ್ಟಿದ ಮಗು ಅಂಗೈಯಗಲ ಇತ್ತು. ಕೋಣೆ ಬೆಚ್ಚಗಿರಲೇಬೇಕು ಎಂದು ಡಾಕ್ಟರು ಎಚ್ಚರಿಸಿದ್ದರು. ಮಂಡಿ ಮೊಹಲ್ಲಾದ ಅಂಗಡಿಯೊಂದರಿಂದ ಎಣ್ಣೆ ತುಂಬಿದ ದೊಡ್ಡ ಹೀಟರನ್ನೇ ತಂದಿದ್ದೆವು. ಎಷ್ಟು ಹೊತ್ತು ಉರಿಸಿದರೂ ಮಗುವಿನ ಕಾಲು ತಣ್ಣಗೇ ಇರುತ್ತಿತ್ತು. ನನಗೋ ಒಳಗೊಳಗೇ ಭಯ.

"ಹೀಟರ್ ಬಿಸಿ ಇದೆಯಲ್ಲ, ಮುಟ್ಟಿ ನೋಡಿ," ಎಂದರು ನನ್ನ ಯಜಮಾನರು.

"ಮುಟ್ಟಿ ನೋಡೋಕೆ ಅದೇನು ಇಡ್ಲಿಯೇ?" ಎಂದು ಚಿಕ್ಕಮ್ಮ ಮೀಟರ್ ಸಿಕ್ಕಿಸಿದರು. ಇನ್ನೂರ ಮೂವತ್ತು ವೋಲ್ಟ್, ನಾಲ್ಕು ಪಾಯಿಂಟ್ ಮೂರು ಆಂಪಿಯರ್. ಬೆರಳು ಮಡಿಸಿ ಲೆಕ್ಕ ಹಾಕಿ ಎದ್ದುನಿಂತರು. "ಮೇಲೆ ಬರೆದಿರೋದು ಎರಡು ಸಾವಿರ ವ್ಯಾಟ್. ಬರ್ತಿರೋದು ಸಾವಿರವೂ ಇಲ್ಲ! ರೆಸಿಸ್ಟೆನ್ಸ್ ಇರಬೇಕಾದ್ದಕ್ಕೆ ಸರಿಯಾಗಿ ದುಪ್ಪಟ್ಟಿದೆ. ಒಳಗಿರೋದು ಎರಡು ಕಾಯಿಲ್. ಒಂದು ಸತ್ತಿದೆ ಕಣ್ರೀ!"

ಹೀಟರಿನ ಸಮೇತ ಆಟೋ ಹತ್ತಿದರು. ನನ್ನ ಯಜಮಾನರು ಹಿಂದೆಯೇ ಓಡಿದರು.

ಅಂಗಡಿಯವನು, "ಎರಡು ಸಾವಿರ ಅಂತ ಕಂಪನಿಯೋರೇ ಬರೆದವ್ರಲ್ಲಮ್ಮಾ," ಎಂದನಂತೆ.

"ನಾನೂ ಹಣೆ ಮೇಲೆ ಮಹಾರಾಣಿ ಅಂತ ಬರ್ಕೊಂಡು ಬರ್ತೀನಿ. ಅರಮನೆ ಬರ್ಕೊಡ್ತೀಯಾ?"

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರಂತೆ. ಅಂಗಡಿಯವನ ಪ್ಲಗ್ಗಿನಲ್ಲೇ ಮತ್ತೊಮ್ಮೆ ಅಳೆದು ತೋರಿಸಿ, ಹೊಸ ಹೀಟರನ್ನೂ ಪರೀಕ್ಷೆ ಮಾಡಿಯೇ ತಂದರು. ಗೇಟಿನಲ್ಲಿ ಆಟೋದಿಂದ ಇಳಿದ ಅವರ ಗತ್ತನ್ನು ನೀವು ನೋಡಬೇಕಿತ್ತು! ಜಂಬೂಸವಾರಿ ನಮ್ಮ ಬೀದಿಗೇ ಬಂದಂತಿತ್ತು.

ಸಂಜೆ ಕೋಣೆಗೆ ಹೋದೆ. ಚಿಕ್ಕಮ್ಮ ನೆಲದ ಮೇಲೆ ಕೂತು ಮಗುವಿನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಈಗ ಎಷ್ಟು ವ್ಯಾಟ್ ಬರ್ತಿದೆ ಚಿಕ್ಕಮ್ಮಾ?" ಎಂದು ಕೆಣಕಿದೆ.

ಅವರು ತಲೆ ಎತ್ತಲಿಲ್ಲ. ಕೆನ್ನೆ ಒದ್ದೆಯಾಗಿತ್ತು.

"ಯಾರು ನೋಡಿದ್ರು ಹೋಗೇ. ಕಾಲು ಬೆಚ್ಚಗಾಗಿದೆ, ಮುಟ್ಟು ಬಾ."

ಮುಟ್ಟಿದೆ. ಮಗುವಿನ ಕಾಲನ್ನೂ, ಅದನ್ನು ಹಿಡಿದಿದ್ದ ಚಿಕ್ಕಮ್ಮನ ಕೈಯನ್ನೂ. ಅಮ್ಮ ಹೋದಮೇಲೆ ಮೊದಲ ಸಲ, ತವರಿಗೆ ಬಂದಿದ್ದೇನೆ ಅನ್ನಿಸಿತು.