ಅರ್ಧ ಎಚ್‌ಪಿ ಹೃದಯ

ಮುಳಬಾಗಿಲು ಸುತ್ತಮುತ್ತ ಕದಿರೇಶ್ ಡ್ರಿಪ್ ಪೈಪು ಎಳೆಯದ ಟೊಮೆಟೊ ತೋಟ ಎಲ್ಲಿದೆ? ಅಂಥ ಮಹಾನುಭಾವನ ಮಗಳು ವಾಣಿಶ್ರೀ, ನಾಳೆಯ ವಿಜ್ಞಾನ ಪ್ರದರ್ಶನಕ್ಕೆ ಹೃದಯದ ಮಾಡೆಲ್ ಆಗಲಿಲ್ಲವೆಂದು ಅಳುವುದೇ!

"ಹೃದಯ ಅಂದ್ರೇನಮ್ಮ? ಅರ್ಧ ಎಚ್‌ಪಿ ಮೋಟ್ರು! ಸಂಜೆಯೊಳಗೆ ರೆಡಿ. ಫಸ್ಟ್ ಪ್ರೈಜ್ ನಿಂದೇ!"

"ಅಪ್ಪ, ಹೃದಯ ಹಿಂಡುತ್ತೆ, ರಕ್ತ ಮೈಯೆಲ್ಲಾ ಹೋಗಿ..."

"ಹೋಗುತ್ತೆ ತಾನೆ? ಕಳಿಸೋದು ನನಗೆ ಬಿಡು!"

ನಿನ್ನೆಯಷ್ಟೇ ಸುಣ್ಣ ಕಂಡ ಪಡಸಾಲೆಯ ಗೋಡೆಗೆ ಪ್ಲೈವುಡ್ಡಿನ ಮನುಷ್ಯ ಒರಗಿ ನಿಂತ. ಎದೆಯ ಪಕ್ಕ ಸ್ಟೂಲಿನ ಮೇಲೆ ಮೋಟರ್, ಕೆಳಗೆ ಬೀಟ್‌ರೂಟ್ ನೀರಿನ ಡ್ರಮ್ಮು. ತಲೆಗೆ, ಕೈಗೆ, ಕಾಲಿಗೆ ಒಳಗಿನ ನೀರು ಕಾಣುವಂಥ ಡ್ರಿಪ್ ಪೈಪು. ಕದಿರೇಶ್ ತುದಿಗಳಿಗೆಲ್ಲ ಬಿರಡೆ ಜಡಿದು, ಅಭ್ಯಾಸಬಲದಿಂದ ಅಲ್ಲಲ್ಲಿ ತೂತನ್ನೂ ಕೊರೆದ!

"ಲೇ ರಜನಿ, ಬಾರೇ! ನಿನ್ನ ಗಂಡ ಜೀವ ಕೊಡ್ತಾವ್ನೆ, ನೋಡು!"

ಸ್ವಿಚ್ ಬಿತ್ತು. ಕೆಂಪು ಸರ್ರನೆ ಏರಿತು. ವಾಣಿಶ್ರೀ ಚಪ್ಪಾಳೆ ತಟ್ಟಿ ಕುಣಿದಳು. ಆಮೇಲೆ ಮನುಷ್ಯ ಮೈಯೆಲ್ಲಾ ತೊಟ್ಟಿಕ್ಕತೊಡಗಿದ.

"ಅಪ್ಪ, ವಾಪಸ್ ಬರೋ ಪೈಪೆಲ್ಲಿ?"

"ಬಿಟ್ಟ ನೀರನ್ನ ಯಾರಾದ್ರೂ ವಾಪಸ್ ಕೇಳ್ತಾರಾ? ಗಿಡ ಕುಡ್ಕೊಳ್ಳುತ್ತೆ!"

"ಇದು ಗಿಡ ಅಲ್ಲಪ್ಪ, ಮನುಷ್ಯ!"

ಅಷ್ಟರಲ್ಲಿ ತಲೆಯ ಬಿರಡೆ ಫಟ್ ಎಂದು ಹಾರಿತು! ಗೋಡೆ ಕೆಂಪು, ಸೂರು ಕೆಂಪು, ಕದಿರೇಶನ ಮೀಸೆಯೂ ಕೆಂಪು. ಡ್ರಮ್ಮು ಬರಿದಾಗಿ ಮೋಟರ್ ಗೊರಗೊರ ಎಂದು ಸುಮ್ಮನಾಯಿತು.

"ಅಯ್ಯೋ ದೇವುಡಾ, ನನ್ನ ಗೋಡೆ!" ಎಂದಳು ರಜನಿ.

"ನನ್ನ ಪ್ರೈಜು!" ಎಂದು ಮಗಳು ಅತ್ತಳು. ಕದಿರೇಶನ ಎದೆ ನಿಜಕ್ಕೂ ಹಿಂಡಿತು. ಅವಳು ಹೇಳಬಂದ ಮಾತನ್ನು ಪೂರ್ತಿ ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು!

ರಜನಿ ಸೆರಗು ಸಿಕ್ಕಿಸಿದಳು. "ರೀ, ಬಿರಡೆ ಕೀಳಿ, ತೂತು ಮುಚ್ಚಿ. ತುದಿಗಳನ್ನೆಲ್ಲ ಸೇರಿಸಿ ಡ್ರಮ್ಮಿಗೇ ಬಿಡಿ. ಹೋಗಿದ್ದು ಬರ್ಲಿ!"

ಮರುದಿನ ಪ್ರದರ್ಶನದಲ್ಲಿ ಕೆಂಪು ನೀರು ಹೋಯಿತು, ಸುತ್ತಿತು, ಬಂತು! ಮೊದಲ ಬಹುಮಾನವೂ ಬಂತು. ಟೀಚರ್ ಬೆರಗಾಗಿ, "ಯಾರು ಮಾಡಿದ್ದು?" ಎಂದರು. ಕದಿರೇಶ್ ಇನ್ನೂ ಕೆಂಪಗಿದ್ದ ಮೀಸೆ ತಿರುವಿದ.

"ಹೋಗೋ ಪೈಪು ಅಪ್ಪ, ಬರೋ ಪೈಪು ಅಮ್ಮ, ಮಿಸ್!"

ಮೀಸೆ ಇಳಿಯಿತು. ಆಗಲೇ ಫೋನಿನಲ್ಲಿ ರಜನಿ: "ರಕ್ತ ವಾಪಸ್ ಬಂತಂತಲ್ಲ? ನೀವೂ ಬನ್ನಿ. ಸುಣ್ಣ ಕಲಸಿಟ್ಟಿದ್ದೀನಿ!"