ಕಂಪನಿ ಫಿಟಿಂಗ್ ರೇಡಿಯೊದಲ್ಲಿ ನಮ್ಮ ಜಯತ್ತೆ

ನಮ್ಮ ಕಡೆ ಒಬ್ಬಳೇ ಸುಮ್ಮನೆ ಕೂತಿರುವುದು ಕಾಯಿಲೆಯ ಲಕ್ಷಣ. ಕೋಣೆಯ ಬಾಗಿಲು ಹಾಕಿಕೊಂಡರೆ ತಲೆನೋವೇ ಎಂದು ಕೇಳುತ್ತಾರೆ. ಚಿಲಕವನ್ನೂ ಹಾಕಿಕೊಂಡರೆ ಅಮ್ಮ ಅಕ್ಕಪಕ್ಕದವರನ್ನು ಕರೆಯುತ್ತಾಳೆ. ಪುಸ್ತಕ ಹಿಡಿದು ಹಿತ್ತಲಿಗೆ ಹೋದರೆ, ಪಾಪ ಒಬ್ಬಳೇ ಇದ್ದಾಳೆ ಎಂದು ಯಾರಾದರೂ ಅವರೆಕಾಯಿ ತುಂಬಿದ ಮೊರ ತಂದು ಪಕ್ಕದಲ್ಲಿ ಕೂತು ಸುಲಿಯತೊಡಗುತ್ತಾರೆ. ಎಲ್ಲ ಪ್ರೀತಿಯಿಂದಲೇ. ಕಷ್ಟ ಇರುವುದೂ ಅಲ್ಲೇ. ದ್ವೇಷದಿಂದ ಬಂದು ಕೂತಿದ್ದರೆ ಎದ್ದು ಹೋಗಿ ಎನ್ನಬಹುದಿತ್ತು. ಹೀಗಾಗಿ ನನ್ನದು ಅಂತ ಉಳಿದಿರುವ ಜಾಗ ಅಪ್ಪನ ಹಳೆಯ ಕಾರು ಮಾತ್ರ. ನಾಗಮಂಗಲದ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುವ ನಾನು ಕಿರಂಗೂರಿನಿಂದ ದಿನಾ ಅದರಲ್ಲೇ ಹೋಗಿ ಬರುತ್ತೇನೆ. ಪಾಂಡವಪುರ ದಾಟಿ, ಕಬ್ಬಿನ ಗದ್ದೆಗಳು ಮುಗಿದು, ರಾಗಿ ಹೊಲ ತೆಂಗಿನ ತೋಟಗಳು ಶುರುವಾದ ಮೇಲೂ ಅದರೊಳಗೆ ನನ್ನನ್ನು ಯಾರೂ ಊಟ ಆಯ್ತಾ ಎಂದು ಕೇಳುವುದಿಲ್ಲ.

ಆ ಹೊತ್ತಿನಲ್ಲಿ ಫೋನಿನಲ್ಲಿ ಇಟ್ಟುಕೊಂಡದ್ದನ್ನು ಕಾರಿನ ಸ್ಪೀಕರಿನಲ್ಲಿ ಕೇಳಬೇಕೆಂಬುದು ನನ್ನ ಬಹುದಿನದ ಆಸೆ. ಏನನ್ನು ಕೇಳುತ್ತೀ ಎಂದು ನೀವು ವಿಚಾರಿಸಬಾರದು. ಅದು ಯಾರಿಗೂ ಗೊತ್ತಾಗಬಾರದೆಂದೇ ಅಲ್ಲವೆ ಇಷ್ಟೆಲ್ಲ ಪಾಡು.

ಅಡ್ಡಿಯೆಂದರೆ ಅಪ್ಪ. ಆ ಕಾರಿನಲ್ಲಿ ಕಂಪನಿ ಕೊಟ್ಟದ್ದೆಲ್ಲ ಅವರಿಗೆ ದೇವರು ಕೊಟ್ಟದ್ದಕ್ಕೆ ಸಮ. ಕೊಂಡ ದಿನ ಸೀಟಿಗೆ ಹಾಕಿದ್ದ ಪ್ಲಾಸ್ಟಿಕ್ ಹೊದಿಕೆ ಚಿಂದಿಯಾಗಿ ತಾನಾಗಿಯೇ ಉದುರುವ ತನಕ ಅದನ್ನು ಮುಟ್ಟಲು ಬಿಡಲಿಲ್ಲ. ಇನ್ನು ರೇಡಿಯೊವಂತೂ ಗರ್ಭಗುಡಿ. ಅದರ ಕ್ಯಾಸೆಟ್ಟಿನ ಬಾಯಲ್ಲಿ ನಾನು ಸ್ಕೂಲಿನಲ್ಲಿದ್ದಾಗ ಸಿಕ್ಕಿಕೊಂಡ ಭಕ್ತಿಗೀತೆಯ ಕ್ಯಾಸೆಟ್ಟು ಇನ್ನೂ ಇದೆ. ಹಾಡುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ. ಸ್ಟೇಷನ್ ಬದಲಿಸುವ ಗುಂಡಿ ಅಪ್ಪನ ಹೆಬ್ಬೆರಳಿಗೆ ಸವೆದು, ಮೈಸೂರಿನ ಸ್ಟೇಷನ್ನಿನಲ್ಲಿ ಶಾಶ್ವತವಾಗಿ ನಿಂತುಬಿಟ್ಟಿದೆ. ಬೆಳಗ್ಗೆ ಅಲ್ಲಿ ಕೃಷಿ ಕಾರ್ಯಕ್ರಮ ಬರುತ್ತದೆ. ಹೊಸದು ಹಾಕಿಸೋಣವೆಂದರೆ ಅಪ್ಪನದು ಒಂದೇ ಮಾತು: "ಕಂಪನಿ ಫಿಟಿಂಗು ಕಣವ್ವ. ಒಂದ್ಸಲ ಬಿಚ್ಚುದ್ರೆ ಕಾರು ಕಾರಾಗಿರಕಿಲ್ಲ."

ಶ್ರೀರಂಗಪಟ್ಟಣದಲ್ಲಿ ಕಾರಿನ ಸಾಮಾನು ಮಾರುವ ಬಾಬಣ್ಣನ ಅಂಗಡಿಗೆ ಹೋದೆ. ಬಾಬಣ್ಣ ನನ್ನ ಕಾರಿನೊಳಗೆ ತಲೆ ಹಾಕಿ ನೋಡಿ, "ಇದನ್ನ ಕಿತ್ತಾಕಿ ದೊಡ್ಡ ಸ್ಕ್ರೀನ್ ಕೂರಿಸ್ಬುಡಣ ಮೇಡಂ, ಪಿಚ್ಚರ್ರೇ ನೋಡ್ಬೋದು" ಎಂದ.

"ಕೀಳೋ ಹಾಗಿಲ್ಲ."

"ಯಾಕೆ, ಗಾಡಿ ವಾರಂಟೀಲಿದ್ಯಾ?"

"ಅಪ್ಪನ ಸುಪರ್ದಿಯಲ್ಲಿದೆ."

"ಓ, ಅಂಗೇಳಿ ಮತ್ತೆ" ಎಂದು ಅವನು ಹೆಬ್ಬೆರಳಿಗಿಂತ ತುಸು ದಪ್ಪಗಿನ ಒಂದು ಡಬ್ಬಿ ತೆಗೆದುಕೊಟ್ಟ. ಸಿಗರೇಟು ಹಚ್ಚಲೆಂದು ಕಾರಿನಲ್ಲಿ ಕೊಟ್ಟಿರುವ ತೂತಿಗೆ ಅದನ್ನು ಸಿಕ್ಕಿಸಬೇಕು. ಅದು ಫೋನಿನ ಸದ್ದನ್ನು ತಂತಿಯಿಲ್ಲದೆ ಎಳೆದುಕೊಂಡು, ತಾನೇ ಒಂದು ಪುಟಾಣಿ ರೇಡಿಯೊ ಸ್ಟೇಷನ್ ಆಗಿ ಬಿತ್ತರಿಸುತ್ತದೆ; ಕಾರಿನ ರೇಡಿಯೊ ಅದನ್ನು ಹಿಡಿದುಕೊಳ್ಳುತ್ತದೆ. ಒಂದು ಸ್ಕ್ರೂ ಕೂಡ ಬಿಚ್ಚುವಂತಿಲ್ಲ. ಯಾವ ಸ್ಟೇಷನ್ನೂ ಬಾರದ ಖಾಲಿ ಜಾಗಕ್ಕೆ ಡಬ್ಬಿಯನ್ನು ಹೊಂದಿಸಿಕೊಳ್ಳಿ ಎಂದು ಅದರ ಜೊತೆಗಿನ ಚೀಟಿಯಲ್ಲಿ ಬರೆದಿತ್ತು. ನಮ್ಮ ರೇಡಿಯೊ ನಿಲ್ಲುವುದು ಒಂದೇ ಜಾಗದಲ್ಲಿ. ಆದ್ದರಿಂದ ಡಬ್ಬಿಯನ್ನೂ ಅಲ್ಲಿಗೇ ಹೊಂದಿಸಿದೆ. ಸೀಮೆಹುಲ್ಲಿನ ತಳಿಗಳ ಬಗ್ಗೆ ಮಾತಾಡುತ್ತಿದ್ದ ತಜ್ಞರು ಅರ್ಧ ವಾಕ್ಯಕ್ಕೆ ಮಾಯವಾಗಿ ನನ್ನ ಫೋನು ಹಾಡಿತು. ದೂರದ ಮೈಸೂರಿಗಿಂತ ಹತ್ತಿರದ ಡಬ್ಬಿಯ ದನಿ ಜೋರು. ಈ ತತ್ವವನ್ನು ನಾನೇ ಕಂಡುಹಿಡಿದವಳಂತೆ ಬೀಗಿದೆ. ಫೋನ್ ಕರೆ ಬಂದರೂ ಹಾಗೆಯೇ: ಆಚೆಯವರ ಮಾತು ಸ್ಪೀಕರಿನಲ್ಲಿ ಬರುತ್ತಿತ್ತು, ನನ್ನ ಮಾತು ಡಬ್ಬಿಯ ಪುಟ್ಟ ಮೈಕಿನಿಂದ ನೇರ ಅವರ ಕಿವಿಗೆ ಹೋಗುತ್ತಿತ್ತು.

ಕಾಲೇಜಿಗೆ ಹೊರಡುವ ಮುಂಚೆ ಮನೆಯ ಹಾಲನ್ನು ಊರಿನ ಡೈರಿಗೆ ಮುಟ್ಟಿಸುವುದು ನಮ್ಮ ಪದ್ಧತಿ. ಅಪ್ಪ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ನಾನು ಡೈರಿಯ ಕಿಟಕಿಯ ಪಕ್ಕ ಕಾರು ನಿಲ್ಲಿಸಿ, ಗಾಜು ಏರಿಸಿಕೊಂಡು ಒಳಗೇ ಕೂರುತ್ತೇನೆ. ಸರಿಯಾಗಿ ಆ ಹೊತ್ತಿಗೆ ಬೂಕನಕೆರೆಯಿಂದ ಜಯತ್ತೆ ಫೋನು ಮಾಡುತ್ತಾಳೆ. ಅಪ್ಪನ ಅಕ್ಕ. ತನ್ನೂರ ಡೈರಿಗೆ ಹಾಲು ಹಾಕಿ ಮುಗಿಸಿ, ಮಿಕ್ಕ ಜಗತ್ತನ್ನು ಸರಿಪಡಿಸಲು ಕೂರುವ ಹೊತ್ತು ಅದು.

ಆಗ ಅವಳು ಕೆ.ಆರ್. ಪೇಟೆಯ ಒಂದು ಗಂಡನ್ನು ನನಗೆ ಗೊತ್ತುಮಾಡಲು ಹೊರಟಿದ್ದಳು. ಟ್ರಾಕ್ಟರಿನ ಬಿಡಿಭಾಗ ಮಾರುವ ಅಂಗಡಿ, ಮಹಡಿ ಮನೆ. ಹುಡುಗ ನೋಡಲು ಬಂದಿದ್ದ. ಕೇಸರಿಬಾತು ಮುಗಿದ ಮೇಲೆ ನಮ್ಮಿಬ್ಬರನ್ನು ಮಾತಾಡಿಕೊಳ್ಳಲು ಬಿಟ್ಟರು. ಅವನು ಮೊಬೈಲು ಜೇಬಿಗಿಟ್ಟು, "ನೀವು ಜಾಸ್ತಿ ಮಾತಾಡಲ್ವಂತೆ. ಒಳ್ಳೇದು" ಎಂದ. ಆ "ಒಳ್ಳೇದು" ನನಗೆ ಹಲ್ಲಿಗೆ ಸಿಕ್ಕ ಕಲ್ಲಿನಂತೆ ಆಗಿಹೋಯಿತು. ಬೇಡವೆಂದು ಅಂದೇ ತೀರ್ಮಾನಿಸಿದ್ದೆ. ತೀರ್ಮಾನವನ್ನು ಯಾರಿಗೂ ಹೇಳಿರಲಿಲ್ಲ, ಅಷ್ಟೆ. ಜಯತ್ತೆ ದಿನಾ ಕೇಳುತ್ತಿದ್ದಳು. ಅದರ ಜೊತೆಗೆ ಮೊಡವೆಗೆ ಏನು ಹಚ್ಚುತ್ತಿದ್ದೀ, ಬೆಳಗ್ಗೆ ಹೊತ್ತು ಹೊಟ್ಟೆ ಸಲೀಸಾಗಿ ಹೋಗುತ್ತದಾ ಎಂಬಿತ್ಯಾದಿ ಉಪಪ್ರಶ್ನೆಗಳೂ ಇರುತ್ತಿದ್ದವು. ಸಂಬಂಧದಲ್ಲಿ ಅತ್ತೆಯಾದವಳಿಗೆ ಆ ಅಧಿಕಾರವಿದೆ.

ಅದೇ ದಿನಗಳಲ್ಲಿ ಊರಿನವರು ಇದ್ದಕ್ಕಿದ್ದಂತೆ ನನ್ನ ಮೇಲೆ ಅಕ್ಕರೆ ತೋರಿಸತೊಡಗಿದರು. ಡೈರಿಯ ಸೆಕ್ರೆಟರಿ ಸಿದ್ದಪ್ಪಣ್ಣ ಕಾರಿನ ಕಿಟಕಿಯಲ್ಲಿ ಒಂದು ಪರಂಗಿ ಹಣ್ಣು ತೂರಿಸಿ, "ರಾತ್ರಿ ಹೊತ್ತು ತಿನ್ನವ್ವ, ಬೆಳಗ್ಗೆ ಆರಾಮಾಯ್ತದೆ" ಎಂದರು. ಪಕ್ಕದ ಬೀದಿಯ ಪುಟ್ಟಮ್ಮಜ್ಜಿ ಕಸ್ತೂರಿ ಅರಿಶಿನದ ಪೊಟ್ಟಣ ಕೊಟ್ಟು ನನ್ನ ಕೆನ್ನೆಯನ್ನೇ ದಿಟ್ಟಿಸಿದಳು. ಹಳ್ಳಿಯ ಜನ ಎಷ್ಟು ಒಳ್ಳೆಯವರು ಎಂದುಕೊಂಡೆ. ಗಣಿತ ಓದಿದವಳು ನಾನು. ಎರಡು ಮತ್ತು ಎರಡನ್ನು ಕೂಡಿಸುವ ಯೋಚನೆ ಬರಲಿಲ್ಲ.

ಒಂದು ಬೆಳಗ್ಗೆ ಜಯತ್ತೆಯ ಜೊತೆ ಮಾತು ಮುಗಿಯುತ್ತಿದ್ದಂತೆ ಪುಟ್ಟಮ್ಮಜ್ಜಿ ಬಂದು ಗಾಜು ತಟ್ಟಿದಳು. ಇಳಿಸಿದೆ.

"ಅಲ್ಲ ಕಣವ್ವ, ಆ ಪ್ಯಾಟೆ ಗಂಡಿಗೆ ನೀನು ಏನಂದೆ? ಅದೊಂದು ಮಾತ್ರ ಕೇಳಿಸ್ನಿಲ್ಲ."

"ಯಾವುದು ಕೇಳಿಸಿದ್ದು, ಅಜ್ಜಿ?"

"ಇನ್ನೆಲ್ಲಾನೂವೆ" ಎಂದು ಅವಳು ಡೈರಿಯ ಕಿಟಕಿ ತೋರಿಸಿದಳು. ಸರಳಿನ ಹಿಂದೆ ಸಿದ್ದಪ್ಪಣ್ಣನ ರೇಡಿಯೊ ಇತ್ತು. ಕೃಷಿ ಕಾರ್ಯಕ್ರಮಕ್ಕೆಂದು ಅದನ್ನೂ ಮೈಸೂರಿನ ಸ್ಟೇಷನ್ನಿಗೇ ನಿಲ್ಲಿಸಿದ್ದರು. ನನ್ನ ಕಾರಿಗೂ ಅದಕ್ಕೂ ನಡುವೆ ಒಂದು ಗೋಡೆ, ಅದೂ ಅರ್ಧ ಇಟ್ಟಿಗೆಯದು.

ದೂರದ ಮೈಸೂರಿಗಿಂತ ಹತ್ತಿರದ ಡಬ್ಬಿಯ ದನಿ ಅಲ್ಲೂ ಜೋರು. ಅಜ್ಜಿ ಆರಾಮಾಗಿ ಬಾಗಿಲಿಗೆ ಒರಗಿ ವಿವರಿಸಿದಳು. "ಮೊದಲ್ನೇ ದಿನ ನಾಟ್ಕ ಅಂದ್ಕಂಡೊ. ಎರಡ್ನೇ ದಿನ ಬೂಕನಕೆರೆ ಅಂತು ನೋಡು, ಆಗ ಸಿದ್ದಪ್ಪ, 'ಲೇ, ಇದು ನಮ್ಮ ಜಯಕ್ಕನ ದನಿ ಕಣ್ಲಾ' ಅಂದ. ನಿಮ್ಮಪ್ಪಂಗೆ ಮೊದಲ್ನೇ ದಿನವೇ ಗೊತ್ತಾಯ್ತು. ತಿರುಗಿ ಕಾರ್ ನೋಡ್ದ. ನೋಡಿ ಸುಮ್ಕೆ ನಿಂತ್ಕಂಡ."

"ನನಗೆ ಹೇಳಲೇ ಇಲ್ಲವಲ್ಲ."

"ನೀನು ಮನೇಲಿ ಬಾಯ್ ಬುಡಕಿಲ್ವಂತೆ. ರೇಡಿಯೊದಲ್ಲಾದ್ರೂ ಏನಂತಿಯೋ ಅಂತ ಕಾಯ್ತಿದ್ದ, ಪಾಪ. ಎಲ್ಲಿ, ಅವ್ಳು ಕೇಳ್ತಾಳೆ, ಗಪ್ ಅಂತದೆ, ಆಮೇಕೆ ಅವ್ಳೇ 'ಅಂಗನ್ಬೇಡ ಮಗ' ಅಂತಾಳೆ. ನೀನು ಚೆನ್ನಾಗೇ ಉಗ್ದಿರ್ಬೇಕು ಅಂದ್ಕಂಡೊ ಎಲ್ರೂವೆ."

ಅಜ್ಜಿ ದನಿ ತಗ್ಗಿಸಿದಳು. "ಇವತ್ತು ಮಾತ್ರ ಜಯ ಅಂಗನ್ಬಾರದಾಗಿತ್ತು ಬುಡು."

ಇವತ್ತು ಜಯತ್ತೆ ಅಂದದ್ದು ನನಗೆ ನೆನಪಿತ್ತು: "ನಿಮ್ಮಪ್ಪನ ಒಪ್ಗೆ ಏನ್ ಮಹಾ, ಅವ್ನು ಕೋಲೆಬಸವ. ನಾನು ಹೂಂ ಅನ್ನು ಅಂದ್ರೆ ತಲೆ ಆಡುಸ್ತಾನೆ." ಕ್ಯಾನು ಹಿಡಿದ ಇಡೀ ಸಾಲು ಕೊಳ್ ಎಂದಿತಂತೆ. ಸಿದ್ದಪ್ಪಣ್ಣ ಹಾಲು ಅಳೆಯುತ್ತಾ, "ಏನಣ್ಣ, ಆಡುಸ್ಬುಡ್ತೀಯಾ?" ಎಂದು ಕೇಳಿದರಂತೆ. ಅಪ್ಪ ಕ್ಯಾನಿನ ಮುಚ್ಚಳ ಹುಡುಕುತ್ತಿದ್ದರಂತೆ. ಮುಚ್ಚಳ ಅವರ ಕೈಯಲ್ಲೇ ಇತ್ತಂತೆ.

ಅಪ್ಪ ಬಂದು ಕಾರು ಹತ್ತಿದರು. ಮನೆಯ ತಿರುವಿನಲ್ಲಿ ಇಳಿಯುವವರೆಗೂ ಇಬ್ಬರೂ ಮಾತಾಡಲಿಲ್ಲ. ಅದರಲ್ಲಿ ವಿಶೇಷವೇನೂ ಇಲ್ಲ, ನಾವು ಯಾವತ್ತೂ ಆಡುವುದಿಲ್ಲ. ಸಂಜೆ ಜಯತ್ತೆ ಅಪ್ಪನ ಫೋನಿಗೆ ಮಾಡಿದಳು. ನಾನು ಅಡುಗೆಮನೆಯಿಂದ ಒಂದು ಕಡೆಯ ಮಾತಷ್ಟೇ ಕೇಳಿಸಿಕೊಂಡೆ. ಡೈರಿಯವರ ಪಾಡು ಆಗ ಅರ್ಥವಾಯಿತು. "ಇಲ್ಲ ಕಣಕ್ಕ, ಆ ಸಂಬಂದ ಬ್ಯಾಡ... ಯಾರೂ ಏಳ್ಕೊಟ್ಟಿಲ್ಲ... ಬ್ಯಾಡ ಅಂದ್ರೆ ಬ್ಯಾಡ... ಇಲ್ಲ, ತಲೆ ಆಡ್ಸಕಿಲ್ಲ ನಾನು."

ಫೋನಿಟ್ಟು ಅವರು ಅಡುಗೆಮನೆಯ ಬಾಗಿಲಿಗೆ ಬಂದರು. ಡಬ್ಬಿಯ ವಿಚಾರಣೆ ಶುರುವಾಯಿತೆಂದು ನಾನು ಒಗ್ಗರಣೆಯ ಸೌಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಆ ಸಾಮಾನು ಹಾಕಕ್ಕೆ ಸ್ಕ್ರೂ ಗಿಕ್ರೂ ಏನೂ ಬಿಚ್ಚಿಲ್ವಲ್ಲ?"

"ಇಲ್ಲ."

"ಸರಿ ಬುಡು. ಇರ್ಲಿ."

ಕೆ.ಆರ್. ಪೇಟೆಯ ಗಂಡು ಹೀಗೆ ತಪ್ಪಿತು. ನಾನು ಅತ್ತೆಗೆ ಎದುರು ನಿಂತು ಖಡಾಖಂಡಿತವಾಗಿ ನಿರಾಕರಿಸಿದೆನೆಂದು ಊರಿನಲ್ಲಿ ಸುದ್ದಿಯಾಗಿದೆ. ಹೆಣ್ಣುಮಕ್ಕಳು ಹಿಂಗಿರಬೇಕು ಎಂದು ಪುಟ್ಟಮ್ಮಜ್ಜಿ ನಲ್ಲಿಯ ಹತ್ತಿರ ಹೇಳುತ್ತಿರುತ್ತಾಳಂತೆ. ಆ ಮೌನಗಳಲ್ಲಿ ನಾನು ನಿಜವಾಗಿ ಏನಂದೆ ಎಂಬುದನ್ನು ನಿಮಗೊಬ್ಬರಿಗೇ ಹೇಳುತ್ತೇನೆ: "ಹೂಂ ಅತ್ತೆ." "ನೋಡೋಣ ಅತ್ತೆ." "ನೀವು ಹೇಳಿದ ಹಾಗೆ ಅತ್ತೆ." "ಅಂಗನ್ಬೇಡ ಮಗ" ಎಂದದ್ದು ನಾನು ಪರಂಗಿ ಹಣ್ಣು ಸೇರುವುದಿಲ್ಲ ಎಂದಾಗ. ಮನೆಯಲ್ಲಿ ಕೋಲೆಬಸವ ಯಾರೆಂಬುದು ಆ ಮೈಕಿಗೆ ಮಾತ್ರ ಗೊತ್ತು. ಪುಣ್ಯಕ್ಕೆ ಅದು ಬಿತ್ತರಿಸುವುದಿಲ್ಲ.

ಡಬ್ಬಿಯನ್ನು ಅಂದೇ ಕಿತ್ತು ಗ್ಲೋವ್ ಬಾಕ್ಸಿಗೆ ಹಾಕಿದ್ದೆ. ಮುಂದಿನ ಸೋಮವಾರ ಬೆಳಗ್ಗೆ, ಅಪ್ಪ ಕ್ಯಾನಿನೊಂದಿಗೆ ಇಳಿದು ಹೋದ ಮೇಲೆ ಜಯತ್ತೆಯ ಫೋನು ಬಂತು. ಪಾಂಡವಪುರದಲ್ಲಿ ಒಂದು ಗಂಡಿದೆಯಂತೆ, ಫ್ಯಾಕ್ಟರಿಯಲ್ಲಿ ಕೆಲಸವಂತೆ, ಫೋಟೋ ಕಳಿಸುತ್ತಾಳಂತೆ. "ಒಂದ್ನಿಮಿಷ ಅತ್ತೆ" ಎಂದೆ. ಗ್ಲೋವ್ ಬಾಕ್ಸು ತೆಗೆದು ಡಬ್ಬಿಯನ್ನು ತೂತಿಗೆ ಸಿಕ್ಕಿಸಿದೆ. ಗೇರು ಹಾಕಿ ಕಾರನ್ನು ಕಿಟಕಿಯ ಕಡೆಗೆ ಇನ್ನೊಂದು ಅಡಿ ಸರಿಸಿದೆ.

"ಈಗ ಹೇಳಿ ಅತ್ತೆ" ಎಂದೆ. "ನಿಧಾನವಾಗಿ, ಸ್ವಲ್ಪ ಜೋರಾಗಿ."