ಕುದುರೆಯಿಂದ ಬೀಳುವ ಉದ್ಯೋಗ

ಸಿನಿಮಾ ನೋಡಿದ ಗಂಡಸರೆಲ್ಲ ಒಂದಲ್ಲ ಒಂದು ದಿನ ಕನ್ನಡಿಯ ಮುಂದೆ ನಿಂತು ಹೀರೋನಂತೆ ತಲೆ ಬಾಚಿಕೊಂಡೇ ಇರುತ್ತಾರೆ. ನನಗೆ ಆ ಕಾಯಿಲೆ ತಗಲಲಿಲ್ಲ. ಹೀರೋ ಆಗಲು ಬೇಕಾದ ಮೂಗು ನನಗಿರಲಿಲ್ಲ ಎನ್ನುವುದು ಒಂದು ಕಾರಣ. ನನ್ನ ಕಣ್ಣು ಬೇರೊಬ್ಬನ ಮೇಲಿತ್ತು ಎನ್ನುವುದು ಇನ್ನೊಂದು. ಐವತ್ತರ ದಶಕದಲ್ಲಿ ಚಾಮರಾಜನಗರದ ಟೆಂಟಿಗೆ ಆಗಾಗ ಇಂಗ್ಲಿಷ್ ಕುದುರೆ ಪಿಕ್ಚರುಗಳು ಬರುತ್ತಿದ್ದವು. ಅಗಲವಾದ ಹ್ಯಾಟು, ಸೊಂಟದಲ್ಲಿ ಪಿಸ್ತೂಲು, ಊರ ತುಂಬ ಧೂಳು. ಮಾತು ಒಂದೂ ತಿಳಿಯುತ್ತಿರಲಿಲ್ಲ. ತಿಳಿಯದೆ ನಮಗೇನೂ ನಷ್ಟವಾಗಲಿಲ್ಲ. ಆ ಪಿಕ್ಚರುಗಳಲ್ಲಿ ಒಬ್ಬನಿದ್ದ. ಒಂದರಲ್ಲಿ ಡಕಾಯಿತನಾಗಿ, ಓಡುವ ಕುದುರೆಯಿಂದ ಬಿದ್ದು ಸಾಯುತ್ತಿದ್ದ. ಇನ್ನೊಂದರಲ್ಲಿ ಸಿಪಾಯಿಯಾಗಿ, ಮಹಡಿಯಿಂದ ಬಿದ್ದು ಸಾಯುತ್ತಿದ್ದ. ಮತ್ತೊಂದರಲ್ಲಿ ಹೀರೋನ ಅಂಗಿ ತೊಟ್ಟು ಹೀರೋನ ಬದಲು ಬಿದ್ದದ್ದನ್ನೂ ನಾನು ಪತ್ತೆಹಚ್ಚಿದೆ. ಎಡ ಹೆಗಲನ್ನು ಒಳಕ್ಕೆಳೆದುಕೊಂಡು ಚೆಂಡಿನಂತೆ ಉರುಳುವುದು ಅವನ ರೀತಿ. ಎಷ್ಟು ಸಲ ಸತ್ತರೂ ಮುಂದಿನ ಪಿಕ್ಚರಿಗೆ ಹಾಜರು! ಇಂಥದೊಂದು ಉದ್ಯೋಗ ಲೋಕದಲ್ಲಿದೆ ಎಂದು ತಿಳಿದ ದಿನವೇ ನಿಶ್ಚಯಿಸಿಬಿಟ್ಟೆ, ನಾನೂ ಬೀಳಬೇಕು.

ಆಗ ನಾನು ತೆರಕಣಾಂಬಿಯಲ್ಲಿ ಒಂದು ಖಾಸಗಿ ಬಸ್ಸಿನ ಏಜೆಂಟಾಗಿದ್ದೆ. ಟಿಕೆಟು ಕೊಡುವುದು, ಅರಿಶಿನದ ಮೂಟೆಗಳನ್ನು ಟಾಪಿಗೆ ಏರಿಸುವುದು ನನ್ನ ಕೆಲಸ. ಬಸ್ಸು ಹೋದ ಮೇಲೆ ಬೇಕಾದಷ್ಟು ಬಿಡುವು. ಜಟಕಾ ನಂಜಪ್ಪನ ಬಳಿ ಹೋಗಿ ಕುದುರೆ ಕೇಳಿದೆ. "ಎಲ್ರೂ ಕುದ್ರ ಮ್ಯಾಲ ಕೂರಕ ಕಲೀತರ, ನೀಯೇನ್ಲಾ ಬೀಳಕ ಕಲೀತೀನಿ ಅಂತಿದ್ದೀಯ?" ಎಂದು ಅವನು ಬೀಡಿ ಎಸೆದು ನಕ್ಕ. ಆದರೂ ಕೊಟ್ಟ. ಅದು ಬಹಳ ಸಂಭಾವಿತ ಕುದುರೆ. ದಾರಿಯಲ್ಲಿ ಯಾರಾದರೂ ಮರದಡಿ ನಿಂತಿದ್ದರೆ, ಗಿರಾಕಿ ಎಂದುಕೊಂಡು ತಾನೂ ನಿಂತುಬಿಡುತ್ತಿತ್ತು. ನಿಂತ ಕುದುರೆಯಿಂದ ಬೀಳುವುದಕ್ಕೆ ಇಳಿಯುವುದು ಎನ್ನುತ್ತಾರೆ. ಹಾಗಾಗಿ ನಾನು ಹಿತ್ತಲ ಹುಲ್ಲಿನ ಮೆದೆಗೆ ವರ್ಗವಾದೆ. ದಿನಾ ಬೆಳಿಗ್ಗೆ ಮೆದೆ ಹತ್ತಿ ಉರುಳುತ್ತಿದ್ದೆ. ಅವ್ವ ಸಗಣಿ ಬಾಚುತ್ತ ನೋಡುತ್ತಿದ್ದಳು. ನನ್ನ ಹೆಂಡತಿ ಗೌರಿ ಮಾತ್ರ ಸಿಡಿದಳು. "ನಮ್ಮಪ್ಪ ಹುಣಸೆ ಮರದಿಂದ ಬಿದ್ದು ಇವತ್ಗಂಟ ಕೋಲು ಹಿಡ್ಕಂಡು ಓಡಾಡ್ತಾವ್ನ. ಅವ್ನು ಹುಣಸೆಕಾಯಿಗ ಹತ್ತಿ ಬಿದ್ದ. ನೀನು ಬೀಳಕ ಅಂತ್ಲೇ ಹತ್ತೀಯಲ್ಲ!" ಆಮೇಲೆ ಕೆಲವು ದಿನ ಊಟದ ತಟ್ಟೆಯೇ ಅವಳ ಪರವಾಗಿ ನೆಲಕ್ಕೆ ಕುಟ್ಟಿ ಮಾತನಾಡುತ್ತಿತ್ತು.

ಅಷ್ಟರಲ್ಲಿ ಗುಂಡ್ಲುಪೇಟೆಯಾಚೆ, ಗೋಪಾಲಸ್ವಾಮಿ ಬೆಟ್ಟದ ತಪ್ಪಲಿಗೆ ಮದರಾಸಿನ ಸಿನಿಮಾ ಕಂಪನಿಯೊಂದು ಬಂದಿಳಿಯಿತು. ಇಂಗ್ಲಿಷಿನವರ ಹಾಗೆಯೇ ಹ್ಯಾಟು, ಕುದುರೆ, ಪಿಸ್ತೂಲಿನ ಪಿಕ್ಚರು ತೆಗೆಯುತ್ತಾರಂತೆ. ನಮ್ಮ ಬಸ್ಸನ್ನೇ ಹತ್ತಿ ಹೋದೆ. ಅವರ ಕುಳ್ಳನೆಯ, ದಪ್ಪ ಕತ್ತಿನ ಸ್ಟಂಟ್ ಮಾಸ್ತರರು ಮೈಸೂರಿನಲ್ಲೂ ಕೆಲಸ ಮಾಡಿದ್ದವರು, ಕನ್ನಡ ಬರುತ್ತಿತ್ತು. "ನಿನಗೇನಪ್ಪಾ ಬರುತ್ತೆ?" ಎಂದರು. "ಬೀಳೋದು ಬತ್ತದ ಸಾರ್." ಅವರು ಹೊಟ್ಟೆ ಕುಲುಕಿಸಿ ನಕ್ಕು, "ಬೀಳೋದು ಎಲ್ಲರಿಗೂ ಬರುತ್ತಪ್ಪಾ, ಹೋಗು" ಎಂದರು. ನಾನು ಬಿಡಲಿಲ್ಲ. ಮಾರನೆಯ ದಿನವೂ ಬಂದೆ, ಬೈಸಿಕೊಂಡೆ, ಮತ್ತೆ ಬಂದೆ. ಕೊನೆಗೆ ಬಾಯಿಮಾತಿನಿಂದ ಆಗುವ ಕೆಲಸವಲ್ಲ ಇದೆಂದು ಅವರ ಸಾಮಾನಿನ ವ್ಯಾನಿನ ನೆತ್ತಿಗೆ ಏರಿ, "ಸಾರ್!" ಎಂದು ಕೂಗಿ, ಅವರು ತಿರುಗಿದ್ದೇ ತಡ ಬಿದ್ದುಬಿಟ್ಟೆ. ಉರುಳಿ ಎದ್ದಾಗ ಮಾಸ್ತರರು ನಗುತ್ತಿರಲಿಲ್ಲ. ಹತ್ತಿರ ಬಂದು ನನ್ನ ಎಡ ಹೆಗಲು ಮುಟ್ಟಿ, "ಇದನ್ನ ಯಾರು ಹೇಳಿಕೊಟ್ಟರು?" ಎಂದರು. ಟೆಂಟಿನಲ್ಲಿ ಕಂಡವನ ಕಥೆ ಹೇಳಿದೆ. "ಅಯ್ಯೋ ಮಾರಾಯ, ಅವನು ನನಗೂ ಗುರು! ಪಿಕ್ಚರ್ ನೋಡಿ ನೋಡಿಯೇ ನಾನೂ ಕಲಿತೆ" ಎಂದರು. ಅವನ ಹೆಸರೇನು ಸಾರ್ ಎಂದು ಕೇಳಿದೆ. "ಬೀಳೋರ ಹೆಸರು ಯಾರು ಹಾಕ್ತಾರಪ್ಪಾ?" ಎಂದವರು, ನಾಳೆ ಬೆಳಿಗ್ಗೆ ಬಾ ಎಂದರು.

ಆ ಸಂಜೆ ವಿಷಯ ಹೇಳಿದಾಗ ಗೌರಿ ಜಗಳವಾಡಲಿಲ್ಲ. ಹಳೆಯ ದಿಂಬು ಬಿಚ್ಚಿ, ಹತ್ತಿ ತೆಗೆದು, ನನ್ನ ಬನಿಯನ್ನಿನ ಹೆಗಲಿಗೂ ಬೆನ್ನಿಗೂ ತುಂಬಿ ಹೊಲಿಯತೊಡಗಿದಳು. "ಬೀಳದೇ ಆದ್ರ ಬೀಳು, ಮುರ್ಕಂಡು ಮಾತ್ರ ಬರ್ಬೇಡ" ಎಂದು ದಾರ ಕಚ್ಚಿ ಹರಿದಳು. ಮರುದಿನ ಅದರ ಮೇಲೆ ಹೀರೋನ ಕೋಟು ತೊಟ್ಟು ಕುದುರೆ ಹತ್ತಿದೆ. ಅದು ಕಂಪನಿಯ ಕುದುರೆ. ಯಾವ ಮರದಡಿಯೂ ನಿಲ್ಲುವಂಥದಲ್ಲ. ಕ್ಯಾಮೆರಾದ ಕಡೆ ಅದು ಕಿತ್ತುಕೊಂಡು ಓಡಿದಾಗ ನನಗೆ ಇಂಗ್ಲಿಷಿನವನು ನೆನಪಾಗಲಿಲ್ಲ, ಕೋಲು ಹಿಡಿದ ಮಾವ ನೆನಪಾದರು. ಲಗಾಮು ಬಿಡಲು ಬೆರಳೇ ಒಪ್ಪಲಿಲ್ಲ. ಈಗ ಬೀಳದಿದ್ದರೆ ಜನ್ಮದಲ್ಲಿ ಬೀಳುವುದಿಲ್ಲ ಎಂದು ಕಣ್ಣು ಮುಚ್ಚಿ ಕೈಬಿಟ್ಟೆ. ಧೂಳು ಇಳಿದ ಮೇಲೆ ಕೈಕಾಲು ಆಡಿಸಿ ನೋಡಿದೆ, ಎಲ್ಲವೂ ಸ್ವಸ್ಥಾನದಲ್ಲಿದ್ದವು. ಮಾಸ್ತರರು ಎಷ್ಟು ಸಂತೋಷಪಟ್ಟರೆಂದರೆ ನನ್ನನ್ನು ನಟನನ್ನಾಗಿಯೂ ಮಾಡಿದರು. ಮೀಸೆ ಅಂಟಿಸಿಕೊಂಡು, ಹೆಂಡದಂಗಡಿಯ ಕಂಬಕ್ಕೊರಗಿ ಹೀರೋನನ್ನು ದುರುಗುಟ್ಟಿ ನೋಡುವ ಪಾತ್ರ. ಮನೆಗೆ ಬಂದಾಗ ಗೌರಿ ನನ್ನ ಮೂಳೆಗಳನ್ನೆಲ್ಲ ಮುಟ್ಟಿ ನೋಡಿದ ಮೇಲೆಯೇ ಮುದ್ದೆ ಬಡಿಸಿದ್ದು.

ಆ ಪಿಕ್ಚರು ಚಾಮರಾಜನಗರದ ಟೆಂಟಿಗೆ ಬಂದಾಗ ಅವ್ವನನ್ನೂ ಗೌರಿಯನ್ನೂ ಮೊದಲ ಆಟಕ್ಕೆ ಕರೆದುಕೊಂಡು ಹೋದೆ. ನಾನು ಬಿದ್ದೆ. ಟೆಂಟಿಗೆ ಟೆಂಟೇ ಶಿಳ್ಳೆ ಹೊಡೆಯಿತು. ಮುಂದೆ ಕುಳಿತಿದ್ದವನು, "ಎಂಗ್ ಬಿದ್ದ ನೋಡ್ಲಾ ಈರೋ!" ಎಂದ. ಅವ್ವ ಎದ್ದು ನಿಂತುಬಿಟ್ಟಳು. "ಯಾವ ಈರೋನ್ಲಾ? ಅವ್ನು ನನ್ ಮಗ ಕಣ್ಲಾ! ದಿನಾ ಇತ್ಲಲ್ಲಿ ಇಂಗೇ ಬೀಳದು. ಲೋ ಮಾದೇವ, ಏಟಾಯ್ತೇನಪ್ಪಾ?" ಎಂದು ಪಕ್ಕದಲ್ಲಿದ್ದ ನನ್ನನ್ನು ಬಿಟ್ಟು ಪರದೆಯನ್ನೇ ಕೇಳಿದಳು. ಜನ ನಕ್ಕರು. ಗೌರಿ ಕತ್ತಲಲ್ಲಿ ನನ್ನ ಮೊಣಕೈ ಹಿಡಿದುಕೊಂಡಳು. ಮುಖವೇ ಕಾಣದಿದ್ದರೂ ಇಷ್ಟು ಗುರುತು ಹಿಡಿದವಳು ನನ್ನ ಮುಖ ಕಂಡರೆ ಇನ್ನೇನು ಮಾಡಿಯಾಳೋ ಎಂದು ಎದೆಯುಬ್ಬಿಸಿ ಕಾದೆ. ಹೆಂಡದಂಗಡಿ ಬಂತು. ಪರದೆಯ ತುಂಬ ನಾನು, ಕಂಬಕ್ಕೊರಗಿ, ದುರುಗುಟ್ಟುತ್ತ.

ಅವ್ವ ನನ್ನ ಕಿವಿಯತ್ತ ಬಾಗಿದಳು. "ಇವ್ನ್ಯಾರ್ಲಾ ಮಾದೇವ, ಕೋಳಿ ಕದ್ದವ್ನಂಗ ಮಕ ಮಡೀಕಂಡವ್ನಲ್ಲ?"

ಗೌರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು, "ಯಾರೋ ಮದರಾಸಿನವನು ಕಣವ್ವ, ಬುಡು" ಎಂದೆ.